ನಲವತ್ತು ಮನೆ ಸೇರಿದ್ರೆ ಹವಾಮಾನ ಬದಲಾವಣೆಗೆ ಏನು ಮಾಡೋಕಾಗುತ್ತೆ?

ಪ್ರಶ್ನೆ: ನಾವು ಒಂದು ನಲವತ್ತು ಮನೆಯವ್ರು ಸೇರಿ ಗುಂಪು ಮಾಡ್ಕೊಂಡಿದೀವಿ. ಎರಡು ವರ್ಷದಿಂದ ಬೇಸಿಗೆ ತಡ್ಕೊಳೋಕೆ ಆಗ್ತಿಲ್ಲ, ಮಳೆ ಬಂದ್ರೆ ತಗ್ಗಲ್ಲಿರೋ ಮನೆಗಳಿಗೆ ನೀರು ನುಗ್ಗುತ್ತೆ, ಅದಾಗಿ ನಾಲ್ಕು ತಿಂಗಳಿಗೆ ನೀರಿಗೇ ಪರದಾಟ. ಪ್ರತಿ ವರ್ಷ ಗಿಡ ನೆಡ್ತೀವಿ, ಉಳಿಯೋದು ಬೆರಳೆಣಿಕೆ. ದೊಡ್ಡ ದೊಡ್ಡ ದೇಶಗಳೇ ಸುಮ್ನಿರುವಾಗ ನಮ್ಮಂಥ ಸಣ್ಣ ಗುಂಪಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ? ಆಗೋದಾದ್ರೆ ಎಲ್ಲಿಂದ ಶುರು ಮಾಡ್ಬೇಕು?

ಉತ್ತರ: ಆಗುತ್ತೆ. ಆದ್ರೆ ಏನು ಆಗುತ್ತೆ ಏನು ಆಗಲ್ಲ ಅನ್ನೋದನ್ನ ಮೊದಲೇ ಬಿಡಿಸಿ ಹೇಳ್ಬಿಡ್ತೀನಿ, ಯಾಕಂದ್ರೆ ಎರಡನ್ನೂ ಕಲಸಿಕೊಂಡ ಗುಂಪುಗಳು ಆರು ತಿಂಗಳಲ್ಲಿ ಸುಸ್ತಾಗಿ ಚದುರಿ ಹೋಗಿದ್ದನ್ನ ನಾನು ತುಂಬಾ ಸಲ ನೋಡಿದೀನಿ. ಭೂಮಿ ಬಿಸಿಯಾಗೋದನ್ನ ನಲವತ್ತು ಮನೆ ಸೇರಿ ನಿಲ್ಲಿಸೋಕಾಗಲ್ಲ. ಅದು ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಡೋದ್ರಿಂದ ಆಗ್ತಿರೋದು, ಅದನ್ನ ನಿಲ್ಲಿಸೋ ಹೊಣೆ ಸರ್ಕಾರಗಳದ್ದು, ದೊಡ್ಡ ಕಂಪನಿಗಳದ್ದು, ಹೆಚ್ಚು ಸುಟ್ಟ ದೇಶಗಳದ್ದು. ಆದ್ರೆ ಆ ಬಿಸಿಗೆ ನಿಮ್ಮ ಬೀದಿಯಲ್ಲಿ ಯಾರು ಸಾಯ್ತಾರೆ ಯಾರು ಬದುಕ್ತಾರೆ, ಯಾರ ಮನೆಗೆ ನೀರು ನುಗ್ಗುತ್ತೆ, ನುಗ್ಗಿದ ಮೇಲೆ ಅವ್ರು ಎಷ್ಟು ಬೇಗ ಎದ್ದು ನಿಲ್ತಾರೆ, ಇದೆಲ್ಲ ತೀರ್ಮಾನ ಆಗೋದು ನಿಮ್ಮಲ್ಲೇ. ಇದನ್ನ ಯಾವ ಅಂತರರಾಷ್ಟ್ರೀಯ ಒಪ್ಪಂದವೂ ನಿಮ್ಮ ಪರವಾಗಿ ಮಾಡಿಕೊಡೋಕಾಗಲ್ಲ.

ನೀವು ಹೇಳಿದ ಮೂರೂ ಕಷ್ಟ (ಬಿಸಿಲು, ನೆರೆ, ನೀರಿನ ಬರ) ಬೇರೆ ಬೇರೆ ಅನ್ನಿಸುತ್ತೆ, ಬೇರು ಮಾತ್ರ ಒಂದೇ. ಕೈಗಾರಿಕೆ ಶುರುವಾಗೋ ಮುಂಚೆ ಇದ್ದಿದ್ದಕ್ಕೆ ಹೋಲಿಸಿದ್ರೆ ಭೂಮಿಯ ಸರಾಸರಿ ತಾಪಮಾನ 2011ರಿಂದ 2020ರ ದಶಕದಲ್ಲಿ ಸುಮಾರು 1.1 ಡಿಗ್ರಿ ಏರಿತ್ತು, 2024 ಅಂತೂ 1.5 ಡಿಗ್ರಿ ದಾಟಿದ ಮೊದಲ ವರ್ಷ. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಅದು ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡ್ಕೊಳ್ಳುತ್ತೆ. ಅಂದ್ರೆ ಮಣ್ಣಿಂದ, ಕೆರೆಯಿಂದ, ಎಲೆಯಿಂದ ಹೆಚ್ಚು ನೀರು ಎಳ್ಕೊಳ್ಳುತ್ತೆ, ಎಳ್ಕೊಂಡಿದ್ದನ್ನ ಬಿಡುವಾಗ ಒಮ್ಮೆಗೇ ಸುರಿದುಬಿಡುತ್ತೆ. ಹದಿನೈದು ದಿನ ಹದವಾಗಿ ಬೀಳಬೇಕಾಗಿದ್ದ ಮಳೆ ಒಂದೇ ಮಧ್ಯಾಹ್ನ ಬೀಳೋದು, ಆಮೇಲೆ ತಿಂಗಳುಗಟ್ಟಲೆ ಆಕಾಶ ಖಾಲಿ ಇರೋದು, ಇದೇ ಕಾರಣಕ್ಕೆ. ನೆರೆ ಬಂದ ಮನೆಯವ್ರೇ ನಾಲ್ಕು ತಿಂಗಳಲ್ಲಿ ಕೊಡ ಹಿಡ್ಕೊಂಡು ನಿಲ್ಲೋದು ವಿಚಿತ್ರ ಏನಲ್ಲ, ಇನ್ಮೇಲೆ ಅದೇ ಮಾಮೂಲಿ.

ಇನ್ನು ಎಲ್ಲಿಂದ ಶುರು ಅಂತ ಕೇಳಿದ್ರಲ್ಲ, ನನ್ನ ಉತ್ತರ ನಿಮಗೆ ಸಪ್ಪೆ ಅನ್ನಿಸಬಹುದು: ಒಂದು ನೋಟ್‌ಬುಕ್‌ನಿಂದ. ಅದ್ರಲ್ಲಿ ಹೆಸರುಗಳು. ವಿಪತ್ತಿನ ತಯಾರಿ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಖಾತ್ರಿ ಆಗಿರೋ ವಿಷಯ ಇದೊಂದೇ, ಉಳಿದುಕೊಂಡ ಪ್ರತಿ ಕೆಲಸದ ಹಿಂದೆ ಒಬ್ಬ ವ್ಯಕ್ತಿಯ ಹೆಸರು ಇರುತ್ತೆ, "ಇದು ಇವ್ರು ನೋಡ್ಕೊಳ್ತಾರೆ" ಅಂತ ಎಲ್ಲರಿಗೂ ಗೊತ್ತಿರುತ್ತೆ. ಹಾಳಾದ ಕೆಲಸದ ಹಿಂದೆ "ಎಲ್ಲರೂ ಸೇರಿ" ಅಂತ ಇರುತ್ತೆ. ದುಡ್ಡು ಸಾಲದೆ ನಿಂತಿದ್ದಕ್ಕಿಂತ ಯಾರದ್ದು ಅಂತ ಗೊತ್ತಿಲ್ಲದೆ ನಿಂತ ಕೆಲಸಗಳೇ ಜಾಸ್ತಿ.

ಇದಕ್ಕೆ ಬಾಂಗ್ಲಾದೇಶಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. 1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತ ಬಂದಾಗ ಅಲ್ಲಿ 3ರಿಂದ 5 ಲಕ್ಷ ಜನ ಸತ್ತರು, ಒಂದೇ ರಾತ್ರಿಯಲ್ಲಿ. ಮುನ್ಸೂಚನೆ ಇರಲಿಲ್ಲ ಅಂತಲ್ಲ, ಅದು ಕರಾವಳಿಯ ಗುಡಿಸಲುಗಳ ಬಾಗಿಲಿಗೆ ತಲುಪಲಿಲ್ಲ. ಆಮೇಲೆ 1972ರಲ್ಲಿ ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಅಂತ ಶುರು ಮಾಡಿದ್ರು, ಊರೂರಲ್ಲೂ ಸ್ಥಳೀಯರನ್ನೇ ಸ್ವಯಂಸೇವಕರಾಗಿ ತಗೊಂಡ್ರು. ಅವ್ರ ಹತ್ರ ಇದ್ದಿದ್ದು ರೇಡಿಯೋ, ಮೆಗಾಫೋನ್, ಕೈಯಲ್ಲಿ ತಿರುಗಿಸೋ ಸೈರನ್, ಮತ್ತೆ ಬಾವುಟ. ಅಪಾಯ ಹೆಚ್ಚಾದ ಹಾಗೆ ಒಂದು ಬಾವುಟ, ಎರಡು ಬಾವುಟ, ಮೂರು ಬಾವುಟ ಹಾರಿಸ್ತಾರೆ, ಓದೋಕೆ ಬರದವ್ರಿಗೂ ಅರ್ಥ ಆಗುತ್ತೆ. ಇವತ್ತು ಆ ಸ್ವಯಂಸೇವಕರು 70 ಸಾವಿರಕ್ಕಿಂತ ಜಾಸ್ತಿ ಇದಾರೆ. 2007ರ ಸಿದ್ರ್ ಚಂಡಮಾರುತ ಕೂಡ ಭಯಂಕರವೇ, ಸತ್ತವ್ರು ಸುಮಾರು 3,400. ಆ ಸಂಖ್ಯೆಯೂ ನೋವಿನದ್ದೇ, ಆದ್ರೆ ಲಕ್ಷಗಳಿಂದ ಸಾವಿರಗಳಿಗೆ ಇಳೀತು. ಉಪಗ್ರಹ, ಒಡ್ಡು, ಗಟ್ಟಿ ಕಟ್ಟಡ ಎಲ್ಲದಕ್ಕೂ ಅದರಲ್ಲಿ ಪಾಲಿದೆ, ಆದ್ರೂ ಕೊನೆಯ ನೂರು ಮೀಟರ್ ನಡೆದು ಬಾಗಿಲು ಬಡಿಯೋದು ಪಕ್ಕದ ಮನೆಯವ್ರೇ.

ಅದೇ ಬಾಂಗ್ಲಾದಲ್ಲಿ ಇನ್ನೊಂದು ಪಾಠ ಇದೆ. 1991ರ ಚಂಡಮಾರುತದಲ್ಲಿ ಸುಮಾರು 1 ಲಕ್ಷ 38 ಸಾವಿರ ಜನ ಹೋದ್ರು, ಅದ್ರಲ್ಲಿ ಗಂಡಸರಿಗಿಂತ ಹೆಂಗಸರು ತುಂಬಾ ಜಾಸ್ತಿ. ಕಾರಣ ಹುಡುಕಿದ್ರೆ, ಗಂಡ ಬಂದು ಹೇಳಲಿ ಅಂತ ಕಾದವ್ರು, ಆಸರೆ ಕಟ್ಟಡದಲ್ಲಿ ಗಂಡಸರ ಜೊತೆ ಒಂದೇ ಹಾಲ್‌ನಲ್ಲಿ ಇರಬೇಕಲ್ಲ ಅಂತ ಹಿಂಜರಿದವ್ರು, ಮಕ್ಕಳನ್ನ ಎತ್ತಿಕೊಂಡು ಸೀರೆಯಲ್ಲಿ ಓಡೋಕಾಗದವ್ರು. ಹಸು ಬಿಟ್ಟು ಬರಲ್ಲ ಅಂತ ಕೂತವ್ರೂ ಇದ್ರು. ಆಮೇಲೆ ಕಟ್ಟಿದ ಆಸರೆಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ದನಗಳಿಗೆ ಜಾಗ ಮಾಡಿದ್ರು. ಅದಕ್ಕೇ ಕೇಳ್ತಿದೀನಿ, ನಿಮ್ಮ ಗುಂಪಿನ ಮೀಟಿಂಗ್‌ಗೆ ಯಾರು ಬರ್ತಿದಾರೆ? ಬಾಡಿಗೆ ಮನೆಯವ್ರು ಬರ್ತಾರಾ, ಮನೆಕೆಲಸಕ್ಕೆ ಹೋಗೋ ಹೆಂಗಸರು ಬರ್ತಾರಾ, ತಗ್ಗಲ್ಲಿರೋ ಆ ಮನೆಯವ್ರು ಬರ್ತಾರಾ? ಬಿಡುವು ಇರೋರು ಮಾತ್ರ ಸೇರಿ ಮಾಡಿದ ಪ್ಲಾನ್ ಬಿಡುವು ಇರೋರಿಗೆ ಮಾತ್ರ ಕೆಲಸ ಮಾಡುತ್ತೆ. ಮೀಟಿಂಗ್ ಟೈಮ್ ಬದಲಾಯಿಸಿ, ಅಥವಾ ನೀವೇ ಅವ್ರ ಬಾಗಿಲಿಗೆ ಹೋಗಿ.

ಈಗ ಬಿಸಿಲಿನ ವಿಷಯಕ್ಕೆ ಬರ್ತೀನಿ, ಇದ್ರ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ನೆರೆ ಕಣ್ಣಿಗೆ ಕಾಣುತ್ತೆ, ಬಿಸಿಲು ಸದ್ದಿಲ್ಲದೆ ಕೊಲ್ಲುತ್ತೆ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಿಸಿಗಾಳಿಗೆ ಐದೇ ದಿನದಲ್ಲಿ 700ಕ್ಕೂ ಜಾಸ್ತಿ ಜನ ಸತ್ತರು, ಹೆಚ್ಚಿನವ್ರು ವಯಸ್ಸಾದವ್ರು, ಒಂಟಿಯಾಗಿದ್ದವ್ರು. ಸಂಶೋಧಕರು ಆಮೇಲೆ ಅಕ್ಕಪಕ್ಕ ಇರೋ ಎರಡು ಬಡಾವಣೆಗಳನ್ನ ಹೋಲಿಸಿ ನೋಡಿದ್ರು. ಎರಡೂ ಬಡವ್ರ ಜಾಗ, ಎರಡರಲ್ಲೂ ಒಂಟಿ ಮುದುಕರು ಹೆಚ್ಚೂಕಮ್ಮಿ ಅಷ್ಟೇ. ಆದ್ರೆ ಒಂದರಲ್ಲಿ ಸಾವು ಎಷ್ಟೋ ಪಟ್ಟು ಜಾಸ್ತಿ. ವ್ಯತ್ಯಾಸ ಇದ್ದಿದ್ದು ಬೀದಿಯಲ್ಲಿ. ಒಂದು ಕಡೆ ಅಂಗಡಿ ತೆರೆದಿತ್ತು, ಜನ ಓಡಾಡ್ತಿದ್ರು, ಮುದುಕರು ಹೊರಗೆ ಬರ್ತಿದ್ರು, ಕಾಣದೆ ಇದ್ರೆ ಯಾರಾದ್ರೂ ವಿಚಾರಿಸ್ತಿದ್ರು. ಇನ್ನೊಂದು ಕಡೆ ಅಂಗಡಿ ಮುಚ್ಚಿ, ಮನೆ ಖಾಲಿಯಾಗಿ, ಭಯಕ್ಕೆ ಜನ ಬಾಗಿಲು ಹಾಕ್ಕೊಂಡು ಒಳಗೇ ಇದ್ರು, ಒಳಗೇ ಹೋದ್ರು.

ಹಾಗಾಗಿ ನಿಮ್ಮ ನೋಟ್‌ಬುಕ್‌ನ ಮೊದಲ ಪುಟ ಇದು: ನಲವತ್ತು ಮನೆಯಲ್ಲಿ 65 ದಾಟಿದವ್ರು ಯಾರು, ಒಂಟಿಯಾಗಿರೋರು ಯಾರು, ಹಾಸಿಗೆ ಹಿಡಿದವ್ರು, ಬಸುರಿಯರು, ಕೂಸುಗಳು, ಬಿಪಿ ಮತ್ತೆ ಕಿಡ್ನಿ ತೊಂದ್ರೆಗೆ ಮಾತ್ರೆ ತಗೊಳ್ಳೋರು, ಇಡೀ ದಿನ ಬಿಸಿಲಲ್ಲಿ ದುಡಿಯೋರು. ಪ್ರತಿ ಹೆಸರಿನ ಮುಂದೆ ಇನ್ನೊಂದು ಹೆಸರು, ಅವ್ರನ್ನ ನೋಡ್ಕೊಂಡು ಬರೋರದ್ದು. ಫೋನ್ ಮಾಡಿದ್ರೆ ಸಾಲಲ್ಲ, ಮನೆ ಒಳಗೆ ಹೋಗ್ಬೇಕು. ನಾನೊಮ್ಮೆ ಒಬ್ರು ಅಜ್ಜಿಯ ಮನೆಗೆ ಹೋಗಿದ್ದೆ, ಮಗ ಬೆಳಿಗ್ಗೆ ಫೋನ್ ಮಾಡಿದ್ದ, "ಚೆನ್ನಾಗಿದೀನಿ ಕಣಪ್ಪಾ" ಅಂದಿದ್ರಂತೆ. ತಗಡಿನ ಸೂರು, ಒಂದೇ ಕಿಟಕಿ, ಅದನ್ನೂ ಕಳ್ಳರ ಭಯಕ್ಕೆ ಮುಚ್ಚಿದ್ರು, ಫ್ಯಾನ್ ತಿರುಗ್ತಿತ್ತು ಆದ್ರೆ ಬರ್ತಿದ್ದಿದ್ದು ಬಿಸಿ ಗಾಳಿ. ಪದೇ ಪದೇ ಬಚ್ಚಲಿಗೆ ಎದ್ದು ಹೋಗೋಕೆ ಮಂಡಿನೋವು ಅಂತ ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ. ಇದು ಫೋನ್‌ನಲ್ಲಿ ಗೊತ್ತಾಗೋ ವಿಷಯನಾ? ತಂಬಿಗೆ ನೀರು ಕೊಟ್ಟು, ಒದ್ದೆ ಬಟ್ಟೆ ಮೈಮೇಲೆ ಹಾಕಿ, ಪಕ್ಕದ ಮನೆಯ ತಂಪಾದ ಕೋಣೆಗೆ ಕರ್ಕೊಂಡು ಹೋಗಿ ಕೂರಿಸಿದ್ವಿ, ಅರ್ಧ ಗಂಟೆಯಲ್ಲಿ ಮುಖದಲ್ಲಿ ಕಳೆ ಬಂತು. ಆ ಪಕ್ಕದ ಕೋಣೆ ಮೊದಲೇ ನಿಗದಿ ಆಗಿರ್ಬೇಕು, ನಿಮ್ಮ ಬೀದಿಯ ಅತಿ ತಂಪಾದ ಜಾಗ ಯಾವುದು, ಅದರ ಬೀಗದ ಕೈ ಯಾರ ಹತ್ರ, ಅನ್ನೋದನ್ನ ಬರ್ಕೊಳ್ಳಿ.

ಭೇಟಿಗೆ ಹೋಗೋರಿಗೆ ಒಂದೆರಡು ವಿಷಯ ಗೊತ್ತಿರಲೇಬೇಕು. ಗಾಳಿ 40 ಡಿಗ್ರಿಗಿಂತ ಬಿಸಿ ಇದ್ರೆ ಫ್ಯಾನ್ ಮೈಯನ್ನ ತಂಪು ಮಾಡೋ ಬದ್ಲು ಇನ್ನೂ ಕಾಯಿಸುತ್ತೆ, ಆಗ ನೀರು ಮತ್ತೆ ಒದ್ದೆ ಬಟ್ಟೆನೇ ದಾರಿ. ಬಿಸಿಲಲ್ಲಿದ್ದವ್ರು ತಡಬಡಾಯಿಸಿ ಮಾತಾಡೋದು, ಗೊಂದಲ ಆಗೋದು, ಮೈ ಕೆಂಡದಂಗೆ ಸುಡೋದು ಕಂಡ್ರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್. ತಕ್ಷಣ ಆಂಬುಲೆನ್ಸ್‌ಗೆ ಫೋನ್, ಅದು ಬರೋವರೆಗೂ ಮೈಗೆ ನೀರು ಹಾಕಿ ಗಾಳಿ ಬೀಸ್ತಾ ಇರ್ಬೇಕು, ಕುತ್ತಿಗೆ ಕಂಕುಳು ತೊಡೆಸಂದಿಗೆ ತಣ್ಣೀರ ಬಟ್ಟೆ. ಪ್ರಜ್ಞೆ ಇಲ್ಲದವ್ರ ಬಾಯಿಗೆ ಮಾತ್ರ ನೀರು ಹಾಕ್ಬೇಡಿ. ಇನ್ನೊಂದು, ರಾತ್ರಿ ಸೆಖೆನೇ ಹೆಚ್ಚು ಅಪಾಯ, ಹಗಲು ಬೆಂದ ಮೈ ರಾತ್ರಿ ಆರದಿದ್ರೆ ದಿನದಿಂದ ದಿನಕ್ಕೆ ಹೃದಯದ ಮೇಲೆ ಹೊರೆ ಏರ್ತಾ ಹೋಗುತ್ತೆ. ಸೂರಿಗೆ ಬಿಳಿ ಸುಣ್ಣ ಅಥವಾ ಬಿಳಿ ಪೇಂಟ್ ಬಳಿಯೋದು ಅಗ್ಗದ ಕೆಲಸ, ಒಳಗಿನ ಬಿಸಿ ಎರಡು ಮೂರು ಡಿಗ್ರಿ ಇಳಿಯುತ್ತೆ. ಅಹಮದಾಬಾದ್‌ನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಮಾಮೂಲಿಗಿಂತ 1,300ಕ್ಕೂ ಹೆಚ್ಚು ಸಾವು ಆದ ಮೇಲೆ, 2013ರಲ್ಲಿ ಅಲ್ಲಿ ಹೀಟ್ ಆಕ್ಷನ್ ಪ್ಲಾನ್ ತಂದ್ರು, ದಕ್ಷಿಣ ಏಷ್ಯಾದಲ್ಲೇ ಮೊದಲನೇದು. ಅದ್ರಲ್ಲಿ ಇರೋದೂ ಇಂಥವೇ: ಮುಂಚೆ ಎಚ್ಚರಿಕೆ, ಕುಡಿಯೋ ನೀರು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಆಮೇಲೆ ಬಿಳಿ ಸೂರು.

ನೋಟ್‌ಬುಕ್‌ನ ಎರಡನೇ ಪುಟ ನೀರು. ಮಳೆಗಾಲಕ್ಕೆ ಒಂದು ತಿಂಗಳು ಮುಂಚೆ ಎಲ್ಲರೂ ಸೇರಿ ನಿಮ್ಮ ಚರಂಡಿ, ಕಾಲುವೆ, ಹಳ್ಳ ಎಲ್ಲಿ ಶುರುವಾಗಿ ಎಲ್ಲಿ ಸೇರುತ್ತೋ ಅಲ್ಲಿವರೆಗೂ ಒಮ್ಮೆ ನಡೆದು ಬನ್ನಿ, ಅರ್ಧ ದಿನದ ಕೆಲಸ. ಎಲ್ಲಿ ಕಸ ಕಟ್ಟಿದೆ, ಎಲ್ಲಿ ಯಾರೋ ಚಪ್ಪಡಿ ಹಾಕಿ ಮುಚ್ಚಿದಾರೆ, ಎಲ್ಲಿ ದೊಡ್ಡ ಪೈಪ್ ಹೋಗಿ ಸಣ್ಣ ಪೈಪ್‌ಗೆ ಸೇರಿದೆ ಅನ್ನೋದು ಕಾಗದದ ಮ್ಯಾಪ್‌ನಲ್ಲಿ ಸಿಗಲ್ಲ. ಹೋದ ಸಲ ನೀರು ಎಷ್ಟು ಎತ್ತರ ಬಂದಿತ್ತು ಅಂತ ಪ್ರತಿ ಮನೆ ಗೋಡೆ ಮೇಲೆ ಪೇಂಟ್‌ನಲ್ಲಿ ಗೆರೆ ಎಳೀರಿ, ಇಸವಿ ಬರೀರಿ. ಐದು ವರ್ಷ ಹೀಗೆ ಮಾಡಿದ್ರೆ ಯಾವ ಇಂಜಿನಿಯರ್ ಹತ್ರನೂ ಇಲ್ಲದ ಲೆಕ್ಕ ನಿಮ್ಮ ಹತ್ರ ಇರುತ್ತೆ, ಅಧಿಕಾರಿಗಳ ಮುಂದೆ ಇಡೋಕೆ ಅದಕ್ಕಿಂತ ಗಟ್ಟಿ ದಾಖಲೆ ಬೇಕಾಗಲ್ಲ. ನೀರು ನಿಲ್ಲೋ ತಗ್ಗು ಜಾಗ, ಕೆರೆ ಅಂಗಳ, ಜೌಗು ಇವುಗಳ ಮೇಲೆ ಯಾರಾದ್ರೂ ಮಣ್ಣು ತುಂಬಿಸೋಕೆ ಬಂದ್ರೆ ಮೊದಲ ದಿನವೇ ನಿಲ್ಲಿಸ್ಬೇಕು, ಕಟ್ಟಡ ಎದ್ದ ಮೇಲೆ ಬಡಿದಾಡಿ ಪ್ರಯೋಜನ ಇಲ್ಲ. ನನ್ನ ಕೇಳಿದ್ರೆ ಸಾವಿರ ಗಿಡ ನೆಡೋದಕ್ಕಿಂತ ಇರೋ ಒಂದು ಜೌಗು ಜಾಗ ಉಳಿಸಿಕೊಳ್ಳೋದು ದೊಡ್ಡ ಕೆಲಸ.

ಅದೇ ನೀರನ್ನ ಬೇಸಿಗೆಗೆ ಉಳಿಸೋ ಲೆಕ್ಕ ಸುಲಭ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ನೂರು ಚದರ ಮೀಟರ್ ಸೂರು, 20 ಮಿಲಿಮೀಟರ್‌ನ ಒಂದು ಮಳೆ ಅಂದ್ರೆ 2,000 ಲೀಟರ್, ಸೋರಿದ್ದು ಚೆಲ್ಲಿದ್ದು ಕಳೆದ್ರೂ 1,600 ಲೀಟರ್ ಕೈಗೆ ಸಿಗುತ್ತೆ. ಮೊದಲು ಬರೋ ನೀರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತೆ, ಅದನ್ನ ಹೊರಗೆ ಬಿಟ್ಟು ಆಮೇಲಿನದ್ದನ್ನ ಹಿಡೀರಿ, ಟ್ಯಾಂಕ್ ತುಂಬಿದ ಮೇಲೆ ಉಳಿದಿದ್ದನ್ನ ಇಂಗುಗುಂಡಿಗೆ ಬಿಡಿ. ಬೋರ್‌ವೆಲ್ ಇನ್ನೂ ಆಳಕ್ಕೆ ಕೊರೆಸಿ ಬಚಾವಾಗ್ತೀವಿ ಅನ್ನೋ ಆಸೆ ಬೇಡ, ಒಬ್ರು ಆಳಕ್ಕೆ ಹೋದ್ರೆ ಪಕ್ಕದವ್ರ ಬಾವಿ ಬತ್ತುತ್ತೆ, ಅವ್ರು ಇನ್ನೂ ಆಳಕ್ಕೆ ಹೋಗ್ತಾರೆ, ಕೊನೆಗೆ ಎಲ್ಲರ ಪೈಪೂ ಒಣಗುತ್ತೆ. ನಮ್ಮ ಮನೆ ಮುಂದೆ ಮಾತ್ರ ಗೋಡೆ ಎತ್ತರಿಸಿ ನೆರೆಯನ್ನ ಎದುರು ಮನೆಗೆ ತಳ್ಳೋದೂ ಇದೇ ಜಾತಿಯ ತಪ್ಪು.

ನಿಮ್ಮ ಗಿಡಗಳು ಯಾಕೆ ಉಳೀತಿಲ್ಲ ಅನ್ನೋದಕ್ಕೆ ಆಫ್ರಿಕಾದ ನೈಜರ್ ದೇಶದ ಕಥೆ ಹೇಳ್ತೀನಿ, ನನಗೆ ಇದು ಬಹಳ ಇಷ್ಟ. 1980ರ ದಶಕದ ಶುರುವಲ್ಲಿ ಟೋನಿ ರಿನಾಡೊ ಅನ್ನೋ ಆಸ್ಟ್ರೇಲಿಯಾದ ಕೃಷಿ ತಜ್ಞ ಅಲ್ಲಿ ಮರುಭೂಮಿ ತಡೆಯೋಕೆ ಅಂತ ಸಸಿ ನೆಡಿಸ್ತಿದ್ರು, ಹೆಚ್ಚುಕಮ್ಮಿ ಎಲ್ಲವೂ ಸಾಯ್ತಿದ್ವು, ನಿಮ್ಮದೇ ಅನುಭವ. ಒಂದು ದಿನ ದಾರಿಯಲ್ಲಿ ನಿಂತಾಗ ಬರೀ ಪೊದೆ ಅನ್ಕೊಂಡಿದ್ದು ನಿಜಕ್ಕೂ ಕಡಿದ ಮರದ ಬುಡದಿಂದ ಚಿಗುರಿದ್ದು ಅಂತ ಅವ್ರಿಗೆ ಗೊತ್ತಾಯ್ತು. ನೆಲದಡಿ ಬೇರು ಜೀವಂತ ಇತ್ತು, ಪ್ರತಿ ವರ್ಷ ಚಿಗುರ್ತಿತ್ತು, ಪ್ರತಿ ವರ್ಷ ರೈತರು ಕಡೀತಿದ್ರು ಇಲ್ಲಾ ದನ ಮೇಯ್ತಿತ್ತು. ಮಾಡಿದ್ದು ಇಷ್ಟೇ, ಬುಡದಲ್ಲಿ ಬಂದ ಇಪ್ಪತ್ತು ಮೂವತ್ತು ಚಿಗುರಲ್ಲಿ ನೆಟ್ಟಗಿರೋ ನಾಲ್ಕೈದನ್ನ ಬಿಟ್ಟು ಉಳಿದಿದ್ದನ್ನ ತೆಗೆಯೋದು, ಬಿಟ್ಟಿದ್ದರ ಕೆಳಗಿನ ಅಡ್ಡರೆಂಬೆ ಸವರೋದು, ದನದಿಂದ ಕಾಯೋದು. ಬೇರು ಆಳದಲ್ಲಿ ಇರೋದ್ರಿಂದ ನೀರೂ ಹಾಕ್ಬೇಕಿಲ್ಲ. ಆದ್ರೆ ಅದಕ್ಕಿಂತ ದೊಡ್ಡ ಗಂಟು ಒಂದಿತ್ತು. ವಸಾಹತು ಕಾಲದಿಂದ ಬಂದ ಕಾನೂನಿನ ಪ್ರಕಾರ ಹೊಲದಲ್ಲಿರೋ ಮರ ಸರ್ಕಾರದ್ದು, ರೈತನದ್ದಲ್ಲ. ತನ್ನದಲ್ಲದ ಮರವನ್ನ ಯಾರು ಸಾಕ್ತಾರೆ? ಅಧಿಕಾರಿಗಳು ಆ ಹಿಡಿತ ಸಡಿಲ ಮಾಡಿ, ಮರ ಸಾಕಿದವ್ನಿಗೇ ಅಂತ ಆದ ಮೇಲೆ ಒಬ್ಬ ರೈತನನ್ನ ನೋಡಿ ಇನ್ನೊಬ್ಬ ಮಾಡ್ತಾ ಹೋದ, ಎರಡು ದಶಕದಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರ ಎದ್ದು ನಿಂತ್ವು.

ಹಾಗಾಗಿ ಈ ವರ್ಷ ಸಸಿ ತರೋ ಮುಂಚೆ ನಿಮ್ಮ ಸುತ್ತ ತಾನಾಗಿ ಚಿಗುರ್ತಿರೋದು ಏನಿದೆ ನೋಡಿ, ಅದಕ್ಕೆ ಬೇಲಿ ಹಾಕಿ. ನೆಡಲೇಬೇಕು ಅನ್ಸಿದ್ರೆ ಐನೂರು ಬೇಡ, ಇಪ್ಪತ್ತು ನೆಡಿ, ಪ್ರತಿಯೊಂದಕ್ಕೂ ಒಂದು ಮನೆಯ ಹೆಸರು, ಮೂರು ಬೇಸಿಗೆ ನೀರು ಹಾಕೋ ಮಾತು. ಎಲ್ಲಿ ನೆಡ್ತೀರಿ ಅನ್ನೋದೂ ಮುಖ್ಯ, ಜನ ಬಿಸಿಲಲ್ಲಿ ಕಾಯೋ ಜಾಗ, ಮಕ್ಕಳು ಶಾಲೆಗೆ ನಡೆಯೋ ದಾರಿ, ಪಶ್ಚಿಮದ ಬಿಸಿಲು ಬಡಿಯೋ ಗೋಡೆ. ಕರಾವಳಿಯವ್ರಿಗೂ ಒಂದು ಮಾತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡವನ್ನ ಅದು ಬೆಳೆಯದ ಜಾಗದಲ್ಲಿ ಊರಿ ಫಿಲಿಪ್ಪೀನ್ಸ್‌ನಲ್ಲಿ ವರ್ಷಾನುಗಟ್ಟಲೆ ದುಡ್ಡು ಕಳ್ಕೊಂಡ್ರು, ಬಹಳ ಕಡೆ ಉಳಿದಿದ್ದು ನೂರಕ್ಕೆ ಹತ್ತಿಪ್ಪತ್ತು.

ಎಲ್ಲರಿಗೂ ಸೇರಿದ ವಸ್ತು, ಅಂದ್ರೆ ಕೆರೆ, ಗೋಮಾಳ, ಟ್ಯಾಂಕ್, ಇವು ಹಾಳಾಗಲೇಬೇಕು ಅಂತ ತುಂಬಾ ಜನ ನಂಬಿದ್ರು. ಎಲಿನಾರ್ ಆಸ್ಟ್ರಮ್ ಅನ್ನೋ ವಿದ್ವಾಂಸೆ ಊರೂರು ಅಧ್ಯಯನ ಮಾಡಿ ಹಾಗೇನಿಲ್ಲ ಅಂತ ತೋರಿಸಿದ್ರು, 2009ರಲ್ಲಿ ಅವ್ರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಅದನ್ನ ಪಡೆದ ಮೊದಲ ಹೆಂಗಸು. ಬಳಸೋ ಜನರೇ ಕೂತು ನಿಯಮ ಮಾಡಿರ್ಬೇಕು, ಕಾಯೋರು ಅವ್ರ ಒಳಗಿನವ್ರೇ ಇರ್ಬೇಕು, ಮೊದಲ ಸಲ ತಪ್ಪಿದ್ರೆ ಸಣ್ಣ ದಂಡ ಆಮೇಲೆ ದೊಡ್ಡದು, ಜಗಳ ಬಂದ್ರೆ ಅಲ್ಲೇ ಬಗೆಹರಿಸೋ ಜಾಗ ಇರ್ಬೇಕು. ನಿಮ್ಮ ಟ್ಯಾಂಕರ್ ನೀರು ಹಂಚೋದಕ್ಕೂ ಇಷ್ಟೇ ಸಾಕು.

ಇನ್ನು ದೊಡ್ಡ ದೇಶಗಳೇ ಸುಮ್ನಿರುವಾಗ ಅಂದ್ರಲ್ಲ, ಆ ಸಿಟ್ಟು ನ್ಯಾಯವಾದದ್ದು, ಅದನ್ನ ಬಿಡ್ಬೇಡಿ. ಹೊಗೆ ಕಡಿಮೆ ಮಾಡೋದ್ರಲ್ಲೂ ಒಂದು ಊರು ಏನು ಮಾಡಬಹುದು ಅನ್ನೋದಕ್ಕೆ ಡೆನ್ಮಾರ್ಕ್‌ನ ಸಾಮ್ಸೊ ದ್ವೀಪ ಇದೆ, ಸುಮಾರು 4,000 ಜನ. 1997ರಲ್ಲಿ ಸರ್ಕಾರದ ಸ್ಪರ್ಧೆ ಗೆದ್ದು, ಹತ್ತೇ ವರ್ಷದಲ್ಲಿ ತಮಗೆ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಗಾಳಿಯಿಂದ ತೆಗೆದ್ರು. ಗಾಳಿಯಂತ್ರ ಬೇರೆಯವ್ರದ್ದಾದ್ರೆ ಸದ್ದು ಕಿವಿಗೆ ಬಡಿಯುತ್ತೆ, ಅಲ್ಲಿ ಮಾತ್ರ ಹಲವು ಯಂತ್ರಗಳಿಗೆ ರೈತರೇ ಮಾಲೀಕರು, ಊರಿನ ಬೇರೆ ಜನರೂ ಷೇರ್ ತಗೊಂಡಿದ್ರು. ನಿಮ್ಮಲ್ಲಿ ಸೋಲಾರ್ ಬಗ್ಗೆ ಮಾತು ಬಂದಾಗ ಇದೇ ದಾರಿ ನೋಡಿ. ಆದ್ರೆ ಮೊದಲ ವರ್ಷವೇ ಅದಕ್ಕೆ ಕೈ ಹಾಕ್ಬೇಡಿ, ಮೊದಲು ಬೇಸಿಗೆ ಮತ್ತೆ ಮಳೆ ಎರಡನ್ನೂ ಒಂದು ಸುತ್ತು ದಾಟಿ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಕೂರಲಿ.

ಮುಂದಿನ ಮೀಟಿಂಗ್‌ನಲ್ಲಿ ಭಾಷಣ ಬೇಡ. ನಲವತ್ತು ಮನೆಯನ್ನ ಹತ್ತತ್ತು ಮಾಡಿ, ನಾಲ್ಕು ಜನ ಹಂಚ್ಕೊಂಡು ಆ ವಾರವೇ ಮನೆ ಮನೆಗೆ ಹೋಗಿ ಹೆಸರು ಬರ್ಕೊಂಡು ಬನ್ನಿ. ಆ ಪಟ್ಟಿಯನ್ನ ಗ್ರೂಪ್‌ನಲ್ಲಿ ಹಾಕ್ಬೇಡಿ, ಒಂಟಿಯಾಗಿರೋರ ವಿವರ ಎಲ್ಲರ ಫೋನ್‌ನಲ್ಲಿ ಇರೋದು ಸರಿಯಲ್ಲ, ಇಬ್ಬರ ಹತ್ರ ಕಾಗದದಲ್ಲಿ ಇರಲಿ. ಆಮೇಲೆ ಬೇಸಿಗೆ ಶುರುವಾಗೋ ಮುಂಚೆ ಯಾವುದಾದ್ರೂ ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಸುಮ್ನೆ ಪರೀಕ್ಷೆಗೆ ಅಂತ ಎಲ್ಲರ ಮನೆ ಬಾಗಿಲು ತಟ್ಟಿ ಬನ್ನಿ, ಎಷ್ಟು ಹೊತ್ತು ಹಿಡೀತು, ಯಾರ ಮನೆ ತಪ್ಪಿಹೋಯ್ತು ಅಂತ ಬರೀರಿ. ತಪ್ಪಿಹೋದ ಮನೆ ಯಾವುದು ಅಂತ ನನಗೂ ಬರೆದು ತಿಳಿಸಿ, ಅಲ್ಲಿಂದ ಮುಂದಿನ ಮಾತು ಆಡೋಣ.